ಹಳೆಯ ಜೀಪಿಗೆ ಹೊಸ ಡೀಸೆಲ್ ಎಂಜಿನ್: ಕೂರಿಸುವ ಮೊದಲು ಮಾಡಬೇಕಾದ ಲೆಕ್ಕಗಳು

ಬಯಲುನಾಡಿನ ಕೃಷಿಕನಿಗೆ ಟ್ರ್ಯಾಕ್ಟರು, ಲಾರಿಗಳು ಹೇಗೋ ವಯನಾಡು, ನೀಲಗಿರಿ, ತಾಳವಾಡಿ ಮತ್ತು ಕಾಸರಗೋಡಿನ ಪೂರ್ವದ ಗುಡ್ಡಗಳ ಕೃಷಿಕನಿಗೆ ಜೀಪು ಹಾಗೆ. ಕಾಫಿ, ಕರಿಮೆಣಸು, ಅಡಿಕೆಯ ಮೂಟೆಗಳು, ಗೊಬ್ಬರದ ಚೀಲಗಳು, ಕೆಲಸದವರು, ರೋಗಿಗಳು ಎಲ್ಲರೂ ಅದರಲ್ಲೇ ಸಾಗುತ್ತಾರೆ. ಬಸ್ಸು ತಲುಪದ ಊರುಗಳಲ್ಲಿ ಶಾಲೆಗೆ ಹೊರಟ ಮಕ್ಕಳೂ ಅದರ ಹಿಂದಿನ ಸೀಟಿನಲ್ಲೇ ಕೂರುತ್ತಾರೆ. ಇಂತಹ ಜೀಪು ಮೂವತ್ತು ನಲವತ್ತು ವರ್ಷ ದುಡಿದ ಮೇಲೆ ಎಂಜಿನ್ ಸೋಲುತ್ತದೆ. ಚಾಸಿಸ್ ಮಾತ್ರ ಗಟ್ಟಿಯಾಗಿರುತ್ತದೆ. ಆಗ ಮನೆಯಲ್ಲಿ ಒಂದು ಮಾತು ಏಳುತ್ತದೆ: ಹೊಸ ಕಾಲದ ಡೀಸೆಲ್ ಎಂಜಿನ್ ಒಂದನ್ನು ಕೂರಿಸಿಬಿಟ್ಟರೆ ಹೇಗೆ?

ಕೂರಿಸಬಹುದು ಎಂದು ಹೇಳುವ ಮೆಕ್ಯಾನಿಕ್ ಎಲ್ಲ ಊರಿನಲ್ಲೂ ಸಿಗುತ್ತಾನೆ, ಮತ್ತು ಆತ ಸುಳ್ಳು ಹೇಳುತ್ತಿರುವುದಿಲ್ಲ. ಕಬ್ಬಿಣ ಕತ್ತರಿಸಿ ವೆಲ್ಡಿಂಗ್ ಮಾಡಿದರೆ ಯಾವ ಎಂಜಿನ್ನನ್ನಾದರೂ ಯಾವ ಚಾಸಿಸ್ಸಿನ ಮೇಲಾದರೂ ನಿಲ್ಲಿಸಬಹುದು. ಆದರೆ ಎಂಜಿನ್ನಿನ ಹಿಂದೆ ಗೇರ್‌ಬಾಕ್ಸ್ ಇದೆ, ಅದರ ಹಿಂದೆ ಆಕ್ಸಲ್ ಇದೆ, ಚಕ್ರದಲ್ಲಿ ಬ್ರೇಕ್ ಇದೆ, ಮನೆಯ ಕಪಾಟಿನಲ್ಲಿ ಆರ್.ಸಿ. ಇದೆ. ಈ ನಾಲ್ಕೂ ಹೊಸ ಎಂಜಿನ್ನನ್ನು ಒಪ್ಪಿಕೊಳ್ಳುತ್ತವೆಯೇ ಎಂಬುದು ಮುಖ್ಯ ಪ್ರಶ್ನೆ. ಅದಕ್ಕೆ ಬೇಕಾದ ಲೆಕ್ಕಗಳಲ್ಲಿ ಬಹುಪಾಲನ್ನು ಹತ್ತನೆಯ ತರಗತಿಯ ವಿದ್ಯಾರ್ಥಿಯೇ ಮನೆಯವರಿಗೆ ಮಾಡಿಕೊಡಬಲ್ಲನು.

ಮೊದಲಿಗೆ ಸ್ವಲ್ಪ ಹಿನ್ನೆಲೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿಯು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ದಶಕಗಳ ಕಾಲ ನಮ್ಮ ಗುಡ್ಡಗಳನ್ನು ಹತ್ತಿದ ಸಿಜೆ-3ಬಿ ಮಾದರಿಯಲ್ಲಿ ಇದ್ದದ್ದು 'ಹರಿಕೇನ್' ಎಂಬ ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಅದರ ಗಾತ್ರ 2199 ಸಿ.ಸಿ.; ನಿಮಿಷಕ್ಕೆ 4000 ಸುತ್ತುಗಳಲ್ಲಿ ಸುಮಾರು 72 ಅಶ್ವಶಕ್ತಿ. ಹತ್ತುವ ಬಲಕ್ಕೆ ಕೊರತೆಯಿರಲಿಲ್ಲ. ಪೆಟ್ರೋಲ್ ಕುಡಿಯುವುದಕ್ಕೂ ಕೊರತೆಯಿರಲಿಲ್ಲ. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲಿನ ಬೆಲೆ ಏರಿದಾಗ ಪೆಟ್ರೋಲ್ ತೆಗೆದು ಡೀಸೆಲ್ ಕೂರಿಸುವ ಕೆಲಸ ದೇಶದೆಲ್ಲೆಡೆ ಒಂದು ಕಸುಬೇ ಆಯಿತು. ಕಂಪನಿಯೂ ಸುಮ್ಮನಿರಲಿಲ್ಲ. ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ವಂಶಕ್ಕೆ ಸೇರಿದ ಸುಮಾರು 2350 ಸಿ.ಸಿ.ಯ ಡೀಸೆಲ್ ಎಂಜಿನ್ನನ್ನೂ, ತರುವಾಯ ಫ್ರಾನ್ಸಿನ ಪ್ಯೂಜೋ ಕಂಪನಿಯ ಪರವಾನಗಿಯಲ್ಲಿ ತಯಾರಾದ 2112 ಸಿ.ಸಿ.ಯ ಎಕ್ಸ್.ಡಿ.ಪಿ. ಎಂಜಿನ್ನನ್ನೂ ತನ್ನ ಜೀಪುಗಳಿಗೆ ತಾನೇ ಅಳವಡಿಸಿತು. ಇಂದು ನಮ್ಮ ಊರುಗಳಲ್ಲಿ ಓಡುತ್ತಿರುವ ಹಳೆಯ ಡೀಸೆಲ್ ಜೀಪುಗಳಲ್ಲಿ ಕೆಲವು ಹುಟ್ಟಿನಿಂದಲೇ ಡೀಸೆಲ್, ಕೆಲವು ಗ್ಯಾರೇಜಿನಲ್ಲಿ ಡೀಸೆಲ್ ಆದವು. ಬಾನೆಟ್ ತೆರೆದು ನೋಡಿದರೆ ವ್ಯತ್ಯಾಸ ಸುಲಭವಾಗಿ ತಿಳಿಯುವುದಿಲ್ಲ, ಆರ್.ಸಿ. ನೋಡಿದರೆ ತಿಳಿಯುತ್ತದೆ.

ಆದ್ದರಿಂದ ಕಾಗದದಿಂದಲೇ ಆರಂಭಿಸೋಣ. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಕಲಮು ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. 2000ದಲ್ಲಿ ತಿದ್ದುಪಡಿಯಾದ ಬಳಿಕ ಅದರ ಸಾರ ಇಷ್ಟು: ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ಬ್ಯಾಟರಿ, ಸಿ.ಎನ್.ಜಿ., ಎಲ್.ಪಿ.ಜಿ. ಮುಂತಾದ ಬೇರೆ ಇಂಧನದಿಂದ ಓಡಿಸಲು ಪರಿವರ್ತನಾ ಕಿಟ್ ಅಳವಡಿಸುವುದಕ್ಕೆ ಷರತ್ತುಬದ್ಧ ಅವಕಾಶವುಂಟು. ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ತೀರ್ಪು ಬಂದು, ತಯಾರಕರ ಮೂಲ ವಿವರಗಳನ್ನು ಮೀರುವ ಮಾರ್ಪಾಟು ಸಲ್ಲದೆಂದೂ, ರಾಜ್ಯದ ನಿಯಮಗಳನ್ನು ಈ ಕಲಮಿಗೆ ಅಧೀನವಾಗಿಯೇ ಓದಬೇಕೆಂದೂ ಸ್ಪಷ್ಟವಾಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ವಿಧಿಸಬಹುದು.

ಇದನ್ನು ಜೀಪಿಗೆ ಅನ್ವಯಿಸಿದರೆ ಸಿಗುವ ಚಿತ್ರ ಹೀಗಿದೆ. ಕೆಟ್ಟ ಎಂಜಿನ್ನಿನ ಬದಲು ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನು ನೋಂದಣಿ ಅಧಿಕಾರಿಯ ಒಪ್ಪಿಗೆ ಪಡೆದು ಕೂರಿಸಿ, ಹೊಸ ಎಂಜಿನ್ ಸಂಖ್ಯೆಯನ್ನು ಆರ್.ಸಿ.ಯಲ್ಲಿ ನಮೂದಿಸಿಕೊಳ್ಳುವುದು ನೇರ ದಾರಿ. ಅದೇ ಮಾದರಿಯ ಜೀಪಿಗೆ ಕಂಪನಿಯೇ ಡೀಸೆಲ್ ಎಂಜಿನ್ ಕೊಟ್ಟಿದ್ದರೆ ಆ ಆಧಾರದ ಮೇಲೆ ಅರ್ಜಿ ಹಾಕಿ ನೋಡಬಹುದು. ಒಪ್ಪಿಗೆ ಕೊಡುವುದು ಬಿಡುವುದು ಅಧಿಕಾರಿಯ ತೀರ್ಮಾನ. ಬೇರೆ ಕಂಪನಿಯ ಕಾರಿನ ಹೊಸ ಎಂಜಿನ್ನನ್ನು ತಂದು ಕೂರಿಸಿ ಆಮೇಲೆ ಕಚೇರಿಗೆ ಹೋಗುವವರಿಗೆ ದಾರಿ ಬಹುತೇಕ ಮುಚ್ಚಿದೆ. 'ಎಲ್ಲರೂ ಮಾಡಿಸಿದ್ದಾರೆ' ಎಂಬ ಮಾತು ಗ್ಯಾರೇಜಿನಲ್ಲಿ ನಡೆಯುತ್ತದೆ. ಅಪಘಾತವಾದ ಮರುದಿನ ವಿಮಾ ಕಂಪನಿಯ ಮುಂದೆ ನಡೆಯುವುದಿಲ್ಲ. ಜೀಪು ಸಾಲದ ಮೇಲಿದ್ದರಂತೂ ಮೊದಲು ಸಾಲ ಕೊಟ್ಟವರ ಲಿಖಿತ ಸಮ್ಮತಿ ಪಡೆಯಬೇಕು.

ಗಡಿಯ ಜನರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಕಾಸರಗೋಡಿನವರು ಸುಳ್ಯ, ಪುತ್ತೂರುಗಳಿಂದ, ವಯನಾಡಿನವರು ಗುಂಡ್ಲುಪೇಟೆಯಿಂದ, ಜತ್ತ, ಸೊಲ್ಲಾಪುರದವರು ವಿಜಯಪುರದಿಂದ ಹಳೆಯ ಜೀಪುಗಳನ್ನು ಕೊಳ್ಳುವುದು ಸಹಜ. ಬೇರೆ ರಾಜ್ಯದ ವಾಹನವನ್ನು ನಮ್ಮ ಊರಿನಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇರಿಸಿಕೊಂಡರೆ ಇಲ್ಲಿಯೇ ಮರುನೋಂದಣಿ ಮಾಡಿಸಬೇಕು. ಆಗ ಇನ್ಸ್‌ಪೆಕ್ಟರು ಮೊದಲು ನೋಡುವುದೇ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆಗಳನ್ನು. ಗಡಿಯಾಚೆ ಯಾರೋ, ಯಾವಾಗಲೋ ಮಾಡಿಸಿದ ಎಂಜಿನ್ ಬದಲಾವಣೆಯ ಹೊಣೆ ಆ ದಿನ ಕೊಂಡವರ ತಲೆಗೆ ಬರುತ್ತದೆ. ಜೀಪು ಕೊಳ್ಳುವ ದಿನವೇ ಎಂಜಿನ್ ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯನ್ನು ಬಟ್ಟೆಯಿಂದ ಒರೆಸಿ ಓದಿ, ಆರ್.ಸಿ.ಯೊಂದಿಗೆ ತಾಳೆ ನೋಡಬೇಕು. ಗುಜರಿಯಿಂದ ಎಂಜಿನ್ ತರುವವರಿಗೂ ಈ ಮಾತು ಅನ್ವಯಿಸುತ್ತದೆ. ಬಿಲ್ಲು ಬೇಕು, ಆ ಎಂಜಿನ್ ಇದ್ದ ಹಳೆಯ ವಾಹನದ ನೋಂದಣಿ ರದ್ದಾದ ದಾಖಲೆಯ ಪ್ರತಿ ಇದ್ದರೆ ಇನ್ನೂ ಒಳ್ಳೆಯದು. ಸಂಖ್ಯೆ ಉಜ್ಜಿಹೋದ ಎಂಜಿನ್ ಎಷ್ಟೇ ಅಗ್ಗವಾಗಿದ್ದರೂ ಮುಟ್ಟಬಾರದು.

ಕಾಗದ ಸರಿಯಿದೆ ಎಂದಿಟ್ಟುಕೊಂಡು ಈಗ ಯಂತ್ರದ ಕಡೆಗೆ ಬರೋಣ. ಪೆಟ್ರೋಲ್ ಎಂಜಿನ್ನಿಗೂ ಡೀಸೆಲ್ ಎಂಜಿನ್ನಿಗೂ ಇರುವ ವ್ಯತ್ಯಾಸ ಇಂಧನದ್ದಷ್ಟೇ ಎಂದು ಭಾವಿಸುವವರು ಬಹಳ. ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಮೂಲ ಗಾತ್ರದ ಸುಮಾರು ಏಳರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ. ಆಮೇಲೆ ಪ್ಲಗ್ಗಿನ ಕಿಡಿ ಅದನ್ನು ಉರಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಬರಿಯ ಗಾಳಿಯನ್ನು ಹದಿನೇಳು, ಹದಿನೆಂಟು, ಹಳೆಯವುಗಳಲ್ಲಿ ಇಪ್ಪತ್ತೆರಡರವರೆಗೂ ಪಟ್ಟು ಒತ್ತಲಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ಮಕ್ಕಳು ಬಲ್ಲರು. ಅದೇ ಕ್ರಿಯೆ ಇಲ್ಲಿ ಗಾಳಿಯನ್ನು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲಕ್ಕೆ ಕೊಂಡೊಯ್ಯುತ್ತದೆ. ಆ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡವನ್ನು ತಡೆಯಬೇಕಾದ್ದರಿಂದ ಡೀಸೆಲ್ ಎಂಜಿನ್ನಿನ ಬ್ಲಾಕು, ಕ್ರ್ಯಾಂಕು ಎಲ್ಲವೂ ದಪ್ಪ. ತೂಕ ಹೆಚ್ಚು, ನಡುಕ ಹೆಚ್ಚು. ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ರಬ್ಬರು ಮೌಂಟುಗಳೂ ಮುಂದಿನ ಸ್ಪ್ರಿಂಗ್ ಪಟ್ಟಿಗಳೂ ಅದಕ್ಕೆ ಸಾಲುವುದಿಲ್ಲ. ಎಂಜಿನ್ ಬದಲಿಸುವ ಮೊದಲು ಒಮ್ಮೆ, ಬದಲಿಸಿದ ಮೇಲೆ ಒಮ್ಮೆ ಜೀಪಿನ ಮುಂದಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿದರೆ ಎಷ್ಟು ಭಾರ ಏರಿತೆಂಬುದು ಊಹೆಗೆ ಬಿಡದೆ ತಿಳಿಯುತ್ತದೆ.

ಈಗ ಗೇರಿನ ಲೆಕ್ಕ. ಹಳೆಯ ಜೀಪಿನ ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್ ಅನುಪಾತ 5.38. ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುತ್ತದೆ. 6.00-16 ಅಳತೆಯ ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಪೆಟ್ರೋಲ್ ಎಂಜಿನ್ 4000 ಸುತ್ತಿನಲ್ಲಿದ್ದಾಗ ಚಕ್ರ ನಿಮಿಷಕ್ಕೆ 743 ಸುತ್ತು, ಅದನ್ನು 2.2ರಿಂದಲೂ 60ರಿಂದಲೂ ಗುಣಿಸಿದರೆ ಗಂಟೆಗೆ 98 ಕಿಲೋಮೀಟರ್ ಬರುತ್ತದೆ. ಅದೇ ಜಾಗದಲ್ಲಿ 3000 ಸುತ್ತಿಗೆ ಮಿತಿಗೊಂಡ ಟ್ರ್ಯಾಕ್ಟರ್ ವಂಶದ ಡೀಸೆಲ್ ಎಂಜಿನ್ ಕೂರಿಸಿದರೆ ವೇಗ 74ಕ್ಕೆ ನಿಲ್ಲುತ್ತದೆ. ಅದು ನೆಮ್ಮದಿಯಾಗಿ ದುಡಿಯುವ 2500 ಸುತ್ತಿನಲ್ಲಿ ಕೇವಲ 61. ತೋಟದ ದಾರಿಗೆ ಇಷ್ಟು ಧಾರಾಳ ಸಾಕು. ಹೆದ್ದಾರಿಯಲ್ಲಿ ಎಂಜಿನ್ ಕೂಗುತ್ತಲೇ ಇರುತ್ತದೆ. 'ಹೊಸ ಎಂಜಿನ್ ಹಾಕಿಸಿದರೂ ಓಡುವುದಿಲ್ಲ' ಎಂಬ ದೂರು ಹುಟ್ಟುವುದು ಇಲ್ಲಿಯೇ. ದೋಷ ಎಂಜಿನ್ನಿನದಲ್ಲ, ಅನುಪಾತದ್ದು. 4.88ರ ಅನುಪಾತಕ್ಕೆ ಬದಲಿಸಿದರೆ 3000 ಸುತ್ತಿನಲ್ಲಿ 81 ಕಿಲೋಮೀಟರ್ ಸಿಗುತ್ತದೆ. ಆದರೆ ನಾಲ್ಕೂ ಚಕ್ರಗಳಿಗೆ ಎಳೆತವಿರುವ ಜೀಪಿನಲ್ಲಿ ಹಿಂದಿನದನ್ನು ಮಾತ್ರ ಬದಲಿಸಿ ಮುಂದಿನದನ್ನು ಹಾಗೆಯೇ ಬಿಡುವಂತಿಲ್ಲ. ಬಿಟ್ಟರೆ ಫೋರ್‌ವೀಲ್ ಹಾಕಿದ ಕ್ಷಣ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಯಾವುದಾದರೊಂದು ಮುರಿಯುತ್ತದೆ.

ನಿಧಾನದ ಹಳೆಯ ಡೀಸೆಲ್ಲಿನ ತೊಂದರೆ ಇದಾದರೆ, ಆಧುನಿಕ ಟರ್ಬೊ ಡೀಸೆಲ್ಲಿನ ತೊಂದರೆ ಇದಕ್ಕೆ ತದ್ವಿರುದ್ಧ. ಅದು ಕೊಡುವ ಟಾರ್ಕ್, ಅಂದರೆ ತಿರುಗಿಸುವ ಬಲ, ಬಹಳ ಹೆಚ್ಚು. ಹರಿಕೇನ್ ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 155 ನ್ಯೂಟನ್-ಮೀಟರ್. 2010ರಲ್ಲಿ ಬಂದ ಥಾರ್ ಜೀಪಿನ 2498 ಸಿ.ಸಿ. ಕಾಮನ್ ರೈಲ್ ಎಂಜಿನ್ನಿನದು 247. ಹಳೆಯ ಟಿ-90 ಗೇರ್‌ಬಾಕ್ಸಿನ ಮೊದಲ ಗೇರು 2.8, ಟ್ರಾನ್ಸ್‌ಫರ್ ಕೇಸಿನ ಲೋ ಗೇರು 2.46, ಆಕ್ಸಲ್ 5.38, ಮೂರನ್ನೂ ಗುಣಿಸಿದರೆ 37. ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ ಹಳೆಯ ಎಂಜಿನ್ ಚಕ್ರಗಳ ಕಡೆಗೆ ತಲುಪಿಸುತ್ತಿದ್ದದ್ದು ಸುಮಾರು 5,700 ನ್ಯೂಟನ್-ಮೀಟರ್. ಹೊಸದು ತಲುಪಿಸುವುದು 9,100ಕ್ಕೂ ಮೇಲೆ. ಗೇರಿನ ಹಲ್ಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಆಕ್ಸಲ್ ಶಾಫ್ಟು, ಇವೆಲ್ಲ ಮೊದಲಿನ ಅಂಕಿಗೆ ತಕ್ಕಂತೆ ತಯಾರಾದವು. ಮೂಟೆ ಹೇರಿದ ಜೀಪು ಮಳೆಗಾಲದ ಕೆಸರಿನಲ್ಲಿ ಹೂತಾಗ ಚಾಲಕನು ಆಕ್ಸಿಲರೇಟರ್ ಪೂರ್ತಿ ತುಳಿದರೆ 'ಟಪ್' ಎಂಬ ಸದ್ದು ಕೇಳುವುದಕ್ಕೆ ಕಾರಣ ಈ ವ್ಯತ್ಯಾಸ. ಹೊಸ ಎಂಜಿನ್ನಿನ ಜೊತೆ ಅದರದೇ ಗೇರ್‌ಬಾಕ್ಸನ್ನೂ ತರುವವರು ಜಾಣರು. ಆದರೆ ಆಗ ಉದ್ದ ಬದಲಾಗಿ ಪ್ರೊಪೆಲ್ಲರ್ ಶಾಫ್ಟುಗಳನ್ನು ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು.

ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡರೆ ಎರಡರ ನಡುವೆ ಒಂದು ಅಡಾಪ್ಟರ್ ತಟ್ಟೆ ಬೇಕಾಗುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ನಾಜೂಕಿನ ಭಾಗ ಇದು. ಕ್ರ್ಯಾಂಕ್ ಶಾಫ್ಟಿನ ನಡುಗೆರೆಯೂ ಗೇರ್‌ಬಾಕ್ಸಿನ ಒಳಶಾಫ್ಟಿನ ನಡುಗೆರೆಯೂ ಒಂದೇ ನೇರದಲ್ಲಿರಬೇಕು. ಮಿಲಿಮೀಟರಿನ ಹತ್ತರಲ್ಲೊಂದೆರಡು ಭಾಗಕ್ಕಿಂತ ಹೆಚ್ಚು ಓರೆಯಾದರೆ ಪೈಲಟ್ ಬೇರಿಂಗು ತಿಂದುಹೋಗುತ್ತದೆ, ಕ್ಲಚ್ಚು ನಡುಗುತ್ತದೆ, ಗೇರು ಜಾರುತ್ತದೆ. ಕಣ್ಣಳತೆಯಿಂದ ಇದು ಸಾಧ್ಯವಿಲ್ಲ. ಒಳ್ಳೆಯ ಲೇತ್ ಇರುವವರು ಡಯಲ್ ಗೇಜು ಇಟ್ಟು, ಶಾಫ್ಟು ತಿರುಗಿಸಿ ನೋಡಿ ಸರಿಪಡಿಸುತ್ತಾರೆ. ಮೆಕ್ಯಾನಿಕ್ ಒಳ್ಳೆಯವನೋ ಅಲ್ಲವೋ ಎಂಬುದನ್ನು ಅರಿಯಲು ಕೇಳಬೇಕಾದದ್ದು 'ಎಷ್ಟು ಎಂಜಿನ್ ಕೂರಿಸಿದ್ದೀರಿ?' ಎಂದಲ್ಲ, 'ಡಯಲ್ ಗೇಜು ಇದೆಯೇ?' ಎಂದು. ಗಡಿಯ ಗ್ಯಾರೇಜುಗಳಲ್ಲಿ ತುಳು, ಮಲಯಾಳ, ತಮಿಳು, ಮರಾಠಿ ಯಾವ ಮಾತೇ ನಡೆಯಲಿ, ಈ ಹೆಸರು ಮಾತ್ರ ಎಲ್ಲರಿಗೂ ಒಂದೇ.

ಉಳಿದ ಜೋಡಣೆಗಳನ್ನು ಬೇಗ ಹೇಳಿಬಿಡಬಹುದು. ಡೀಸೆಲ್ ಎಂಜಿನ್ನನ್ನು ಸ್ಟಾರ್ಟ್ ಮಾಡಲು ದೊಡ್ಡ ಬ್ಯಾಟರಿ, ದಪ್ಪ ವೈರು, ಚಳಿಗೆ ಹೀಟರ್ ಪ್ಲಗ್ಗು ಬೇಕು. ಹಳೆಯ ಪೆಟ್ರೋಲ್ ಟ್ಯಾಂಕನ್ನು ತೊಳೆಯದೆ ಡೀಸೆಲ್ ತುಂಬಿದರೆ ಒಳಗಿನ ತುಕ್ಕು ಇಂಜೆಕ್ಟರುಗಳ ತನಕ ಹೋಗುತ್ತದೆ. ನೀರು ಬೇರ್ಪಡಿಸುವ ಫಿಲ್ಟರು, ಹೆಚ್ಚುವರಿ ಡೀಸೆಲ್ ಮರಳಿ ಬರುವ ಪೈಪು ಹೊಸದಾಗಿ ಬೇಕಾಗುತ್ತವೆ. ಆಯಿಲ್ ಸಂಪು ಮುಂದಿನ ಆಕ್ಸಲ್ಲಿಗೆ ತಾಗದಂತೆ ಜಾಗವಿದೆಯೇ ಎಂದು ಜೀಪಿನಲ್ಲಿ ಭಾರ ಹೇರಿ, ಸ್ಪ್ರಿಂಗು ಕೆಳಗಿಳಿದಾಗ ನೋಡಬೇಕು.

ಬ್ರೇಕಿನ ವಿಷಯಕ್ಕೆ ಮಾತ್ರ ಆತುರ ಸಲ್ಲದು. ಪೆಟ್ರೋಲ್ ಎಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ಗಾಳಿಯನ್ನು ತಡೆಯುವ ಒಂದು ತಟ್ಟೆ ಇದೆ. ಆಕ್ಸಿಲರೇಟರ್ ಬಿಟ್ಟಾಗ ಅದು ಮುಚ್ಚಿಕೊಂಡು, ಒಳಗೆ ನಿರ್ವಾತ ಉಂಟಾಗಿ, ಎಂಜಿನ್ ವಾಹನವನ್ನು ಹಿಡಿದೆಳೆಯುತ್ತದೆ. ಇಳಿಜಾರಿನಲ್ಲಿ ಹಳೆಯ ಚಾಲಕರು ಗೇರಿನಲ್ಲೇ ಇಳಿಯುವುದರ ಗುಟ್ಟು ಇದು. ಸಾಂಪ್ರದಾಯಿಕ ಡೀಸೆಲ್ ಎಂಜಿನ್ನಿಗೆ ಅಂತಹ ತಟ್ಟೆಯಿಲ್ಲ. ಅದು ಗಾಳಿಯನ್ನು ಬಲವಾಗಿ ಒತ್ತುತ್ತದೆ ನಿಜ, ಆದರೆ ಒತ್ತಿದ ಗಾಳಿ ಸ್ಪ್ರಿಂಗಿನಂತೆ ಹಿಗ್ಗಿ ಆ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಘಾಟಿ ಇಳಿಯುವ ಲಾರಿಗಳಿಗೆ ಎಗ್ಸಾಸ್ಟ್ ಬ್ರೇಕ್ ಎಂಬ ಪ್ರತ್ಯೇಕ ಸಾಧನ ಇರುವುದು ಇದೇ ಕಾರಣಕ್ಕೆ. ನಿರ್ವಾತ ಇಲ್ಲವಾದ್ದರಿಂದ ವ್ಯಾಕ್ಯೂಮ್ ಬೂಸ್ಟರ್ ಇರುವ ಬ್ರೇಕಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಸಾಮಾನ್ಯವಾಗಿ ಅದು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಹಳೆಯ ಸಿಜೆ ಜೀಪುಗಳಲ್ಲಿ ವೈಪರ್ ಕೂಡ ನಿರ್ವಾತದಿಂದಲೇ ಓಡುತ್ತಿತ್ತು. ಡೀಸೆಲ್ ಕೂರಿಸಿ ಸಂಭ್ರಮದಿಂದ ಹೊರಟವರಿಗೆ ಜೂನ್ ತಿಂಗಳ ಮೊದಲ ಮಳೆಯಲ್ಲಿ ಇದು ನೆನಪಾದರೆ ಫಲವೇನು? ವಿದ್ಯುತ್ ವೈಪರನ್ನು ಆ ಕೆಲಸದ ಜೊತೆಗೇ ಹಾಕಿಸಬೇಕು.

ವೇಗ ಹೆಚ್ಚಿದಾಗ ಬ್ರೇಕಿನ ಮೇಲಿನ ಹೊರೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿಲೋಮೀಟರಿನಿಂದ ನಿಲ್ಲಿಸುವುದಕ್ಕೂ 80ರಿಂದ ನಿಲ್ಲಿಸುವುದಕ್ಕೂ ವೇಗದಲ್ಲಿ ಮೂರರಲ್ಲೊಂದು ಪಾಲಿನ ವ್ಯತ್ಯಾಸ. ಶಕ್ತಿಯಲ್ಲಿ ಹತ್ತಿರ ಹತ್ತಿರ 1.8 ಪಟ್ಟು. ಹಳೆಯ ಜೀಪಿನ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕು, ನಾಲ್ಕಕ್ಕೂ ಒಂದೇ ಮಾಸ್ಟರ್ ಸಿಲಿಂಡರಿನ ಒಂದೇ ಸರಣಿ. ಎಲ್ಲಾದರೂ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಹೋಯಿತು. ತಾಳವಾಡಿಯವರು ಬಲ್ಲ ದಿಂಬಂ ಘಾಟಿಯ 27 ತಿರುವುಗಳನ್ನೋ ವಯನಾಡಿನವರು ಬಲ್ಲ ತಾಮರಶ್ಶೇರಿಯ 9 ತಿರುವುಗಳನ್ನೋ ಭಾರ ಹೇರಿಕೊಂಡು ಇಳಿಯಬೇಕಾದ ವಾಹನಕ್ಕೆ ಎಂಜಿನ್ನಿನ ಮೇಲೆ ಖರ್ಚು ಮಾಡಿ ಬ್ರೇಕನ್ನು ಹಳೆಯದಾಗಿಯೇ ಬಿಡುವುದು ನನ್ನ ದೃಷ್ಟಿಯಲ್ಲಿ ಅಕ್ಷಮ್ಯ. ಹಣ ಒಂದಕ್ಕೇ ಸಾಲುವಂತಿದ್ದರೆ ಬ್ರೇಕಿಗೆ ಹಾಕಬೇಕು. ಇಬ್ಭಾಗ ಸರಣಿಯ ಮಾಸ್ಟರ್ ಸಿಲಿಂಡರ್, ಬೂಸ್ಟರ್, ಸಾಧ್ಯವಾದರೆ ಮುಂದೆ ಡಿಸ್ಕ್, ಇವು ಎಂಜಿನ್ ಸದ್ದು ಮಾಡುವ ಮೊದಲು ಕೂರಬೇಕಾದವು. ಬ್ರೇಕೂ ಮಾರ್ಪಾಟಿನ ಲೆಕ್ಕಕ್ಕೇ ಸೇರುವುದರಿಂದ ಅದನ್ನೂ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

'ಆಧುನಿಕ' ಎಂಬ ಪದದ ಬಗ್ಗೆಯೂ ಒಂದು ಮಾತು. ಹಳೆಯ ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್ನುಗಳಲ್ಲಿ ಇಂಜೆಕ್ಟರು ತೆರೆದುಕೊಳ್ಳುವ ಒತ್ತಡ ನೂರಾರು ಬಾರ್‌ಗಳಲ್ಲಿದ್ದರೆ, ಕಾಮನ್ ರೈಲ್ ಎಂಜಿನ್ನುಗಳಲ್ಲಿ ಅದು 1600 ಬಾರ್‌ಗೂ ಏರುತ್ತದೆ. ಯಾವ ಕ್ಷಣದಲ್ಲಿ ಎಷ್ಟು ಡೀಸೆಲ್ ಎಂಬುದನ್ನು ತೀರ್ಮಾನಿಸುವುದು ಒಂದು ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಇ.ಸಿ.ಯು. ಕ್ರ್ಯಾಂಕಿನ ಸೆನ್ಸರು, ಆಕ್ಸಿಲರೇಟರಿನ ಸೆನ್ಸರು, ಬೀಗದ ಕೈಯ ಗುಪ್ತಸಂಕೇತ ಎಲ್ಲವೂ ಅದಕ್ಕೆ ಹೊಂದಬೇಕು. ಗುಜರಿಯಿಂದ ಎಂಜಿನ್ ಮಾತ್ರ ತಂದು ಪೆಟ್ಟಿಗೆ, ವೈರಿಂಗ್, ಕೀಲಿಕೈ, ಪೆಡಲುಗಳನ್ನು ಬಿಟ್ಟುಬಂದರೆ ತಂದದ್ದು ಕಬ್ಬಿಣದ ಗಟ್ಟಿ ಅಷ್ಟೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ಮಾನದಂಡದ ಎಂಜಿನ್ನುಗಳಿಗೆ ಹೊಗೆ ಶುದ್ಧಗೊಳಿಸುವ ಫಿಲ್ಟರಿನ ಸರಂಜಾಮೂ ಸೇರುತ್ತದೆ. ಅವನ್ನು ಹಳೆಯ ಜೀಪಿಗೆ ಇಳಿಸುವುದು ಹಳ್ಳಿಯ ಗ್ಯಾರೇಜಿನ ಕೆಲಸವಲ್ಲ. ತೋಟದ ಜೀಪಿಗೆ ಹೊಂದುವುದು ಕಂಪ್ಯೂಟರಿಲ್ಲದ, ನೇರ ಇಂಜೆಕ್ಷನ್ನಿನ, ಅದೇ ಕಂಪನಿಯ ಎಂಜಿನ್. ಕೆಟ್ಟರೆ ಸ್ಪ್ಯಾನರು ಹಿಡಿದು ರಿಪೇರಿ ಮಾಡುವವರು ಪಕ್ಕದ ಊರಿನಲ್ಲೇ ಸಿಗುತ್ತಾರೆ.

ಕೊನೆಗೆ ಹಣದ ಲೆಕ್ಕ. ಡೀಸೆಲ್ ಕೂರಿಸುವ ಹುಚ್ಚು ಹಬ್ಬಿದ ಕಾಲದಲ್ಲಿ ಪೆಟ್ರೋಲ್, ಡೀಸೆಲ್ ಬೆಲೆಗಳ ನಡುವೆ ದೊಡ್ಡ ಅಂತರವಿತ್ತು. 2010ರ ಜೂನ್‌ನಲ್ಲಿ ಪೆಟ್ರೋಲಿನ ಬೆಲೆಯನ್ನೂ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ಲಿನ ಬೆಲೆಯನ್ನೂ ಸರ್ಕಾರ ತನ್ನ ಹಿಡಿತದಿಂದ ಬಿಟ್ಟುಕೊಟ್ಟ ಮೇಲೆ ಆ ಅಂತರ ಕುಗ್ಗಿದೆ. ಈಗ ಉಳಿದಿರುವ ಲಾಭ ಮುಖ್ಯವಾಗಿ ಮೈಲೇಜಿನದು. ಲೆಕ್ಕದ ಅನುಕೂಲಕ್ಕೆ ಹೀಗೆ ಹಿಡಿಯೋಣ: ಪೆಟ್ರೋಲ್ ಜೀಪು ಲೀಟರಿಗೆ 7 ಕಿಲೋಮೀಟರ್, ಡೀಸೆಲ್ 12, ಬೆಲೆ ಕ್ರಮವಾಗಿ 100 ಮತ್ತು 90 ರೂಪಾಯಿ, ಎಂಜಿನ್, ಬ್ರೇಕು, ಲೇತ್ ಕೆಲಸ ಎಲ್ಲ ಸೇರಿ ಖರ್ಚು ಎರಡೂವರೆ ಲಕ್ಷ. ವರ್ಷಕ್ಕೆ 6,000 ಕಿಲೋಮೀಟರ್ ಓಡುವ ಜೀಪಿಗೆ ಪೆಟ್ರೋಲಿನ ವೆಚ್ಚ ಸುಮಾರು 85,700, ಡೀಸೆಲ್ಲಿನದು 45,000. ಉಳಿತಾಯ 40,700, ಹಾಕಿದ ಹಣ ಮರಳಲು ಆರು ವರ್ಷ. ಮನೆಯಿಂದ ತೋಟಕ್ಕೆ, ತೋಟದಿಂದ ಪೇಟೆಗೆ ಎಂದು ವರ್ಷಕ್ಕೆ 2,000 ಕಿಲೋಮೀಟರ್ ಮಾತ್ರ ಓಡುವ ಜೀಪಿನಲ್ಲಿ ಉಳಿಯುವುದು 13,600. ಹಣ ಮರಳಲು ಹದಿನೆಂಟು ವರ್ಷ. ನಿಮ್ಮ ಊರಿನ ಬೆಲೆ, ನಿಮ್ಮ ಜೀಪಿನ ಮೈಲೇಜು, ಮೆಕ್ಯಾನಿಕ್ ಹೇಳಿದ ಮೊತ್ತಗಳನ್ನು ಇದೇ ಜಾಗಗಳಲ್ಲಿ ಇಟ್ಟು ಮತ್ತೊಮ್ಮೆ ಗುಣಿಸಿ ನೋಡಬಹುದು.

ಎರಡನೆಯ ಬಗೆಯ ಮನೆಗಳೇ ನಮ್ಮಲ್ಲಿ ಹೆಚ್ಚು. ಅವರಿಗೆ ಹಳೆಯ ಎಂಜಿನ್ನನ್ನೇ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗು, ಬೇರಿಂಗುಗಳನ್ನು ಹಾಕಿಸುವ ದಾರಿ ಇದ್ದೇ ಇದೆ. ಖರ್ಚು ಬಹಳ ಕಡಿಮೆ, ಬ್ಲಾಕಿನ ಮೇಲಿನ ಸಂಖ್ಯೆ ಬದಲಾಗುವುದಿಲ್ಲ, ಕಚೇರಿಗೆ ಅಲೆಯಬೇಕಾಗಿಲ್ಲ. ಬೋರ್ ಮಾಡಿಸುವಾಗ ಲೇತಿನವರಿಂದ ಅಳತೆಯ ಚೀಟಿಯನ್ನು ಬರೆಸಿಕೊಂಡು ಆರ್.ಸಿ.ಯ ಜೊತೆಗಿಟ್ಟುಕೊಳ್ಳಿ; ಮುಂದಿನ ಸಲ ಪಿಸ್ಟನ್ ಬೇಕಾದಾಗ ಅಂಗಡಿಯವರು ಮೊದಲು ಕೇಳುವುದು ಆ ಅಳತೆಯನ್ನೇ.